ಮೊದಲ ಚಮಚ

ಅಣ್ಣನ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಅವನು ಹಳೆಯ ಅಭ್ಯಾಸದಿಂದ ಒಮ್ಮೆ ದೀರ್ಘವಾಗಿ ಉಸಿರೆಳೆದುಕೊಂಡ. ಏನೂ ಬರಲಿಲ್ಲ. ಒಳಗೆ ಒಗ್ಗರಣೆ ಸಿಡಿಯುವ ಸದ್ದಿತ್ತು, ದೊಡ್ಡ ಪಾತ್ರೆಯ ತಳಕ್ಕೆ ಸೌಟು ಉಜ್ಜುವ ಸದ್ದಿತ್ತು, ಮಕ್ಕಳು ಕುರ್ಚಿ ಎಳೆದಾಡುವ ಗಲಾಟೆಯಿತ್ತು. ವಾಸನೆ ಮಾತ್ರ ಪಕ್ಕದ ಮನೆಯವರ ಪಿಸುಮಾತಿನ ಹಾಗೆ, ಗೋಡೆಯಾಚೆ ಇದೆಯೆಂದು ಗೊತ್ತು, ಇವನಿಗೆ ಮುಟ್ಟದು. ಮೂರು ತಿಂಗಳ ಹಿಂದೆ ಐದು ದಿನ ಜ್ವರ ಬಂದು ಹೋಗಿತ್ತು. ಹೋಗುವಾಗ ಮೂಗು, ನಾಲಿಗೆ ಎರಡನ್ನೂ ಜೊತೆಗೆ ಕರೆದುಕೊಂಡು ಹೋಗಿತ್ತು. ಬೇರೆ ಯಾರಿಗಾದರೂ ಆಗಿದ್ದರೆ ನಾಲ್ಕು ಜನರ ಹತ್ತಿರ ಹೇಳಿಕೊಂಡು, ನಾಲ್ಕು ಮನೆಮದ್ದು ಕೇಳಿಸಿಕೊಂಡು ಹಗುರಾಗಬಹುದಿತ್ತು. ಆದರೆ ಅವನು ಚಹಾ ಕಂಪನಿಯಲ್ಲಿ ರುಚಿ ನೋಡುವವನು. ಹತ್ತೊಂಬತ್ತು ವರ್ಷದಿಂದ ಅವನ ಮನೆಯ ಅನ್ನ ಬೆಂದಿದ್ದು ಆ ನಾಲಿಗೆಯ ಮೇಲೆ. ಹೆಂಡತಿಗೂ ಹೇಳಿರಲಿಲ್ಲ. ಅವಳು ಈಗ ಅವನ ಹಿಂದೆ ನಿಂತು ಹಣ್ಣಿನ ಬುಟ್ಟಿಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಳ್ಳುತ್ತ, "ಒಳಗೆ ನಡೀರಿ, ಬಾಗಿಲಲ್ಲೇ ಪ್ರಾಣಾಯಾಮ ಶುರು ಮಾಡಿದ್ರಿ" ಎಂದಳು.

"ಏನಪ್ಪಾ ನಾಲಿಗೆ, ಬೀದಿ ತಿರುವಿನಲ್ಲೇ ಗೊತ್ತಾಯ್ತಾ ಇವತ್ತು ಏನೇನು ಅಡುಗೆ ಅಂತ?" ಭಾವ ಬೆತ್ತದ ಕುರ್ಚಿಯಿಂದಲೇ ಕೇಳಿದರು. ಅಕ್ಕನ ಗಂಡ. ಇವನ ಕಂಪನಿಗೆ ರಟ್ಟಿನ ಪೆಟ್ಟಿಗೆ ಒದಗಿಸುವವರು, ಪ್ರತಿ ಸೋಮವಾರ ಮ್ಯಾನೇಜರ ಜೊತೆ ಊಟಕ್ಕೆ ಕೂರುವವರು. ನಾಲಿಗೆ ಎಂಬ ಅಡ್ಡಹೆಸರು ಇಟ್ಟವರೂ ಅವರೇ. ಅಡುಗೆಮನೆಯಿಂದ ಕುಟ್ಟಾಣಿಯ ಸದ್ದು ಎರಡು ಸಲ ಕೇಳಿ ನಿಂತಿತ್ತು. "ಹಾಲಿಗೆ ಏಲಕ್ಕಿ ಬಿತ್ತು ಭಾವ, ಈಗಷ್ಟೇ" ಎಂದ. ಭಾವ ತೊಡೆ ತಟ್ಟಿಕೊಂಡು ನಕ್ಕರು. "ನೋಡಿ, ಮನುಷ್ಯನಾ ಇವನು." ಕುರ್ಚಿಯಲ್ಲಿದ್ದ ಚಿಕ್ಕಪ್ಪನೂ ನಕ್ಕರು. ಹೀಗೆ ಕಿವಿಯಿಂದ ಮೂಸುವುದನ್ನು ಅವನು ಈ ಮೂರು ತಿಂಗಳಲ್ಲಿ ಚೆನ್ನಾಗಿ ಕಲಿತಿದ್ದ.

ಆಫೀಸಿನಲ್ಲಿ ಕಣ್ಣಿನಿಂದ. ಅಲ್ಲಿ ಉದ್ದನೆಯ ಮೇಜಿನ ಮೇಲೆ ನಲವತ್ತು ಬಿಳಿ ಬಟ್ಟಲುಗಳು ಸಾಲಾಗಿ ಕೂತಿರುತ್ತವೆ. ಒಂದೊಂದರಿಂದಲೂ ಒಂದು ಚಮಚ ಸೊರ್ರೆಂದು ಎಳೆದು, ಬಾಯಿ ತುಂಬ ಆಡಿಸಿ, ಕಾಲ ಬಳಿಯ ಡಬ್ಬಕ್ಕೆ ಉಗಿದು, ಒಂದು ಮಾತು ಹೇಳಬೇಕು. ಆ ಒಂದು ಮಾತಿಗೆ ಗೋದಾಮಿನಲ್ಲಿ ನೂರು ಚೀಲ ಈ ಗೋಡೆಯಿಂದ ಆ ಗೋಡೆಗೆ ಹೋಗುತ್ತವೆ. ಸೊರ್ರೆನ್ನುವುದನ್ನು ಅವನು ಈಗ ಮೊದಲಿಗಿಂತ ಜೋರಾಗಿಯೇ ಮಾಡುತ್ತಿದ್ದ. ಆದರೆ ಮಾತು ಹೇಳುತ್ತಿದ್ದದ್ದು ತನಗಿಂತ ಮುಂಚೆ ರುಚಿ ನೋಡುವ ಸಹಾಯಕಿಯ ಎಡ ಹುಬ್ಬನ್ನು ನೋಡಿ. ಹುಬ್ಬು ಏರಿದರೆ "ಸ್ವಲ್ಪ ಹೊಗೆ ಹಿಡಿದಿದೆ," ಸಡಿಲವಾದರೆ "ಚೊಕ್ಕ," ಅಲುಗದೇ ಇದ್ದರೆ "ಇನ್ನೊಮ್ಮೆ ನೋಡೋಣ." ಆ ಹುಡುಗಿ ಹುಬ್ಬು ತಿದ್ದಿಸಿಕೊಂಡು ಬಂದ ದಿನ ಅವನು ಗಾಬರಿಯಾಗಿ ಅರ್ಧ ದಿನ ರಜೆ ಹಾಕಿ ಮನೆಗೆ ಹೋಗಿದ್ದ. ಕಳೆದ ವಾರ ಮ್ಯಾನೇಜರು ಕರೆಸಿ, ಈಚೆಗೆ ನಿಮ್ಮ ತೀರ್ಪು ಇನ್ನೂ ಹರಿತವಾಗಿದೆ ಎಂದರು. ಅವನು ತಲೆ ತಗ್ಗಿಸಿದ. ಅದನ್ನು ವಿನಯ ಎಂದುಕೊಂಡು ಬೆನ್ನು ತಟ್ಟಿದರು.

ಅಡುಗೆಮನೆಯಲ್ಲಿ ಅಮ್ಮ ಒಲೆಗೆ ಮುಖ ಮಾಡಿ ನಿಂತಿದ್ದಳು. ಸೊಂಟಕ್ಕೆ ಸಿಕ್ಕಿಸಿದ ಸೆರಗು, ಕನ್ನಡಕ ಕಿಟಕಿಯ ಮೇಲೆ. ಉಗಿಯಲ್ಲಿ ಅದು ಮಂಜಾಗುತ್ತದೆಂದು ಅವಳು ಅಡುಗೆ ಮಾಡುವಾಗ ಹಾಕುವುದೇ ಇಲ್ಲ. ವರ್ಷಕ್ಕೊಮ್ಮೆ ಈ ದೊಡ್ಡ ರಜೆಯ ದಿನ ಮಕ್ಕಳು, ಸೊಸೆಯರು, ಮೊಮ್ಮಕ್ಕಳು ಎಲ್ಲ ಸೇರಿ ಹದಿನಾಲ್ಕು ಜನಕ್ಕೆ ಅವಳೊಬ್ಬಳೇ ಬೇಯಿಸಬೇಕು, ಮಿಕ್ಕವರು ತರಕಾರಿ ಹೆಚ್ಚಿಕೊಟ್ಟು ಹೊರಗೆ ಹೋಗಬೇಕು. ಬೇಯಿಸುವಾಗ ಅವಳು ಒಂದು ಹನಿಯನ್ನೂ ನಾಲಿಗೆಗೆ ಮುಟ್ಟಿಸಿದವಳಲ್ಲ. ರುಚಿ ನೋಡಿ ಅಡುಗೆ ಮಾಡುವುದೆಂದರೆ ಪಕ್ಕದವನದು ನೋಡಿ ಪರೀಕ್ಷೆ ಬರೆದ ಹಾಗೆ ಎಂದು ಅವಳು ಹಿಂದಿನಿಂದಲೂ ಹೇಳುತ್ತಿದ್ದ ಮಾತು. ಈ ಸಲ ಅದು ನೆನಪಾಗಿ ಅವನ ಕಿವಿ ಬಿಸಿಯಾಯಿತು. ಅತ್ತಿಗೆ ಕಪಾಟಿನ ಮುಂದೆ ನಿಂತು ಮಾಲೆಯನ್ನು ಸರಿಪಡಿಸುವವರಂತೆ ಡಬ್ಬಿಗಳನ್ನು ಬೆರಳಿನಿಂದ ಒಂದೇ ಸಾಲಿಗೆ ತಳ್ಳುತ್ತಿದ್ದರು. ಹೊಸ ಡಬ್ಬಿಗಳು, ಎಲ್ಲವೂ ಒಂದೇ ಅಳತೆ, ಒಂದೇ ಬಿಳಿ ಬಣ್ಣ. ಅತ್ತಿಗೆ ಕಾಲೇಜಿನ ಗ್ರಂಥಾಲಯದಲ್ಲಿ ಇಪ್ಪತ್ತಾರು ವರ್ಷ ಪುಸ್ತಕ ಜೋಡಿಸಿದವರು.

"ನೋಡಪ್ಪ, ಹೇಗಿದೆ? ನಿನ್ನೆ ಸಂಜೆ ಕೂತು ಅಕಾರಾದಿಯಾಗಿ ಜೋಡಿಸಿದೆ. ಪ್ರತಿಯೊಂದಕ್ಕೂ ಚೀಟಿ ಅಂಟಿಸಿದೀನಿ. ಕಣ್ಣು ಮುಚ್ಚಿಕೊಂಡು ಕೈ ಹಾಕಿದರೂ ಬೇಕಾಗಿದ್ದು ಸಿಗಬೇಕು."

"ನಾನು ಇಷ್ಟು ದಿನ ಕಣ್ಣು ಮುಚ್ಚಿಕೊಂಡೇ ಹಾಕ್ತಿದ್ದೆ" ಎಂದಳು ಅಮ್ಮ, ಸೌಟು ತಿರುಗಿಸುತ್ತ.

"ಅದಲ್ಲ ಅತ್ತೆ. ಬರೋ ತಿಂಗಳು ಅಡುಗೆಯವಳು ಬಂದರೆ ಅವಳಿಗೂ ಸುಲಭ ಆಗಬೇಕಲ್ಲ. ನಿಮಗೆ ಎಪ್ಪತ್ನಾಲ್ಕು ವರ್ಷ. ಒಲೆ ಮುಂದೆ ಎಷ್ಟು ದಿನ ಅಂತ ನಿಲ್ತೀರಿ?"

"ನನ್ನ ಕೈ ತಪ್ಪಿದ ದಿನ ನಾನೇ ಬಿಡ್ತೀನಿ. ಯಾರೂ ಹೇಳೋದು ಬೇಡ." ಅಮ್ಮ ಇವನ ಕಡೆ ತಿರುಗಿದಳು. "ಸೊರಗಿದೀಯ ಕಣೋ. ಊಟ ಸೇರ್ತಾ ಇಲ್ವಾ?"

"ಸೇರುತ್ತಮ್ಮ."

ಅವಳು ಅವನ ಮುಖವನ್ನು ಒಂದು ಕ್ಷಣ ಹೆಚ್ಚಾಗಿಯೇ ನೋಡಿದಳು. ಚಿಕ್ಕವನಿದ್ದಾಗ ಜ್ವರ ಬಂದಿದೆಯೇ ಎಂದು ಹಣೆ ಮುಟ್ಟದೆಯೇ ಹೇಳುತ್ತಿದ್ದವಳು. ಅವನು ನೀರಿನ ಜಗ್ಗು ಎತ್ತಿಕೊಂಡು ಹೊರಗೆ ಬಂದುಬಿಟ್ಟ.

ಊಟಕ್ಕೆ ಎರಡು ಮೇಜು ಕೂಡಿಸಿ ಒಂದೇ ಬಟ್ಟೆ ಹೊದಿಸಿದ್ದರು. ಒಂದು ಮೇಜು ಇನ್ನೊಂದಕ್ಕಿಂತ ಎರಡು ಬೆರಳು ಎತ್ತರವಾಗಿದ್ದರಿಂದ ಅಣ್ಣನ ತಟ್ಟೆಯ ಸಾರೆಲ್ಲ ಚಿಕ್ಕಪ್ಪನ ಕಡೆಗೇ ವಾಲುತ್ತಿತ್ತು. ಅಣ್ಣ ಹೈಸ್ಕೂಲಿನಲ್ಲಿ ರೇಖಾಗಣಿತ ಹೇಳುವವನು, ಮೇಜಿನ ಬಗ್ಗೆ ಪ್ರತಿ ವರ್ಷ ಒಂದೇ ತಮಾಷೆ ಮಾಡುವವನು, ಈ ವರ್ಷವೂ ಮಾಡಿದ. ಎಲ್ಲರೂ ನಕ್ಕರು. ಅನ್ನ, ಬೇಳೆ, ಪಲ್ಯಗಳೆಲ್ಲ ಆದ ಮೇಲೆ ಅಮ್ಮ ಹಾಲಿನಲ್ಲಿ ಬೇಯಿಸಿದ ಅಕ್ಕಿಯ ಸಿಹಿಯನ್ನು ತರುವುದು, ತರುವ ಮುಂಚೆ ಒಲೆಯ ಬಳಿ ನಿಂತು ಕೊನೆಯದಾಗಿ ಎರಡು ಹಿಡಿ ಸಕ್ಕರೆ ಸುರಿಯುವುದು, ಮೊದಲ ಚಮಚವನ್ನು ಇವನಿಗೆ ಕೊಡುವುದು, ಇವನು ಕಣ್ಣು ಮುಚ್ಚಿ ರುಚಿ ನೋಡಿ ಒಂದು ಮಾತು ಹೇಳಿದ ಮೇಲೆ ಮಿಕ್ಕವರು ಚಮಚ ಎತ್ತುವುದು ಈ ಮನೆಯ ಪದ್ಧತಿ. ಮೊದಲು ಆ ಚಮಚ ಅಪ್ಪನದಾಗಿತ್ತು. ಅಪ್ಪ "ಹೂಂ" ಎನ್ನುತ್ತಿದ್ದರು, ಅಷ್ಟೇ. ಅಪ್ಪ ಹೋದ ವರ್ಷ ಅದು ಹಿರಿಯನಾದ ಅಣ್ಣನಿಗೆ ಹೋಗಬೇಕಿತ್ತು. ಆದರೆ ಭಾವ, "ಮನೆಯಲ್ಲೇ ಅಧಿಕೃತ ನಾಲಿಗೆ ಇಟ್ಟುಕೊಂಡು" ಎಂದದ್ದರಿಂದ ಇವನ ಪಾಲಿಗೆ ಬಂತು. ಅಣ್ಣ ಅದನ್ನು ಮರೆತಿರಲಿಲ್ಲ.

ಚಮಚ ಬಾಯಿಗೆ ಬಂತು. ಬಿಸಿ. ಮೆತ್ತಗೆ. ಅಕ್ಕಿಯ ಕಾಳು ನಾಲಿಗೆಯ ಕೆಳಗೆ ಒಡೆಯಿತು. ಬೇರೇನೂ ಇಲ್ಲ, ಬೆಚ್ಚಗಿನ ಹತ್ತಿಯನ್ನು ಅಗಿದ ಹಾಗೆ. ಕಣ್ಣು ಮುಚ್ಚಿಕೊಂಡೇ ಅವನು ಕಳೆದ ವರ್ಷದ ರುಚಿಯನ್ನು ನೆನಪಿಸಿಕೊಳ್ಳಲು ನೋಡಿದ. ಬಂದದ್ದು ಸಹಾಯಕಿಯ ಹುಬ್ಬು. ಎಲ್ಲರೂ ಉಸಿರು ಬಿಗಿಹಿಡಿದಿದ್ದರು, ಅಥವಾ ಅವರಿಗೆ ಹಸಿವಿತ್ತು. "ಈ ಸಲದ್ದು ಎಲ್ಲ ವರ್ಷಕ್ಕಿಂತ ಚೆನ್ನಾಗಿದೆ" ಎಂದ. ಇನ್ನೇನಾದರೂ ಸೇರಿಸಬೇಕೆನ್ನಿಸಿ, "ಹದ ಅಂದ್ರೆ ಇದು" ಎಂದ. ಅಮ್ಮನ ಮುಖ ಅರಳಿತು. ಅವಳು ಎಲ್ಲರ ಬಟ್ಟಲಿಗೂ ಬಡಿಸಿ ಒಳಗೆ ಹೋದಳು. ಅವಳ ಊಟ ಯಾವಾಗಲೂ ಎಲ್ಲರದೂ ಮುಗಿದ ಮೇಲೆ, ಅಡುಗೆಮನೆಯ ಸ್ಟೂಲಿನ ಮೇಲೆ.

ಮೊದಲು ಚಮಚ ಎತ್ತಿದವರು ಭಾವ. ಬಾಯಲ್ಲಿಟ್ಟುಕೊಂಡರು, ಅಗಿಯುವುದನ್ನು ನಿಲ್ಲಿಸಿದರು, ಇವನ ಕಡೆ ನೋಡಿದರು, ಮತ್ತೆ ಅಗಿದರು. "ಅಬ್ಬಾ" ಎಂದರು. "ಇದರಲ್ಲಿ ಏನೋ ಇದೆ ಕಣಯ್ಯ." ಅಣ್ಣ ಒಂದು ಚಮಚ ತಿಂದು ಕಿಟಕಿಯಾಚೆ ದೂರದಲ್ಲಿ ಏನನ್ನೋ ನೋಡುತ್ತ, "ಆಳವಾಗಿದೆ" ಎಂದ. ಸಿಹಿಗೆ ಹಲ್ಲು ಬೇಡವೆಂದು ಸೆಟ್ಟು ತೆಗೆದು ಲೋಟದಲ್ಲಿಟ್ಟಿದ್ದ ಚಿಕ್ಕಪ್ಪ ಅದನ್ನು ಮತ್ತೆ ಹಾಕಿಕೊಂಡರು, ಆಮೇಲೆ ಮತ್ತೆ ತೆಗೆದರು. ಅತ್ತಿಗೆ ಚಮಚದ ತುದಿಯಲ್ಲಿ ತುಸುವೇ ತೆಗೆದು, "ಅತ್ತೆ ಈ ಸಲ ಹೊಸ ರೀತಿ ಮಾಡಿದಾರೆ, ಹೊಸದಕ್ಕೆ ನಾಲಿಗೆ ಒಗ್ಗಬೇಕು" ಎಂದರು. ಅಣ್ಣನ ಏಳು ವರ್ಷದ ಮೊಮ್ಮಗಳು ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿ, ಪರೀಕ್ಷೆಯಲ್ಲಿ ಎಲ್ಲರಿಗಿಂತ ಮೊದಲು ಕೈ ಎತ್ತುವವಳ ಹಾಗೆ, "ನನಗೆ ಇನ್ನೂ ಸ್ವಲ್ಪ" ಎಂದಳು. ಹಾಗೆಂದ ಮೇಲೆ ಭಾವನಿಗೂ ಇನ್ನೂ ಸ್ವಲ್ಪ ಹಾಕಿಸಿಕೊಳ್ಳದೆ ವಿಧಿಯಿರಲಿಲ್ಲ. ಅಮ್ಮ ಪಾತ್ರೆ ತಂದು ಬಡಿಸಿ ಹೋದಳು, ಇವನೂ ಹಾಕಿಸಿಕೊಂಡ. ಜಗ್ಗು ಮೇಜಿನ ಸುತ್ತ ಮೂರು ಸಲ ಬಂತು. ಹೆಂಡತಿ ಅವನ ಕಿವಿಯ ಹತ್ತಿರ ಬಾಗಿ, "ನಿಜವಾಗ್ಲೂ ಚೆನ್ನಾಗಿದೆಯಾ?" ಎಂದಳು.

"ಯಾಕೆ?"

"ಏನಿಲ್ಲ. ಬೆಳಿಗ್ಗೆಯಿಂದ ನನ್ನ ಬಾಯೇ ಸರಿಯಿಲ್ಲ ಅನ್ಸುತ್ತೆ."

ಖಾಲಿ ಜಗ್ಗು ತುಂಬಿಸಲು ಎದ್ದವನು ಅವನೇ. ಆಫೀಸಿನಲ್ಲಿ ಕಹಿ ಬಟ್ಟಲು ಕುಡಿದವರು ಎಷ್ಟು ಬೇಗ ನೀರಿಗೆ ಕೈ ಚಾಚುತ್ತಾರೆಂಬುದನ್ನು ಅವನು ಈಚೆಗೆ ಗಮನವಿಟ್ಟು ಕಲಿತಿದ್ದ. ಇಲ್ಲಿ ಹದಿಮೂರು ಕೈಗಳು ಚಾಚಿದ್ದವು. ಅಡುಗೆಮನೆಯಲ್ಲಿ ಅಮ್ಮ ಸ್ಟೂಲಿನ ಮೇಲೆ ಕೂತು ಅನ್ನ ಕಲಸಿಕೊಳ್ಳುತ್ತಿದ್ದಳು. ಒಲೆಯ ಪಕ್ಕ ಒಂದು ಡಬ್ಬಿ ಮುಚ್ಚಳ ತೆಗೆದೇ ಇತ್ತು, ಚೀಟಿ ಗೋಡೆಯ ಕಡೆಗೆ. ಸುತ್ತ ಬಿಳಿಯ ಹರಳು ಚೆಲ್ಲಿತ್ತು. ಇರುವೆಗಳ ಸಾಲೊಂದು ಕಿಟಕಿಯಿಂದ ಇಳಿದು, ಆ ಹರಳುಗಳನ್ನು ಸುತ್ತುಬಳಸಿ ದಾಟಿ, ಕಪಾಟಿನ ತುತ್ತತುದಿಯ ಒಂದು ಡಬ್ಬಿಯ ಕಡೆಗೆ ನಂಬಿಕೆಯಿಂದ ನಡೆಯುತ್ತಿತ್ತು. ಅವನು ಒಲೆಯ ಬಳಿಯದನ್ನು ತಿರುಗಿಸಿದ. ಅತ್ತಿಗೆಯ ದುಂಡು ಅಕ್ಷರದಲ್ಲಿ ಉಪ್ಪು ಎಂದಿತ್ತು. ಕಪಾಟಿನಲ್ಲಿ ಅರಿಶಿನ, ಅವಲಕ್ಕಿ, ಇಂಗು, ಅವುಗಳ ಪಕ್ಕ ಖಾಲಿ ಜಾಗ. ನಾಲ್ಕನೆಯದು. ಅಮ್ಮ ಬಾಳಿದ ಪ್ರತಿ ಮನೆಯಲ್ಲೂ ಒಲೆಯಿಂದ ನಾಲ್ಕನೆಯದು ಸಕ್ಕರೆ. ಅವನಿಗೇ ಗೊತ್ತಿತ್ತು, ಶಾಲೆಯಿಂದ ಬಂದು ಕತ್ತಲಲ್ಲಿ ಕದಿಯುವಾಗ ಎಣಿಸುತ್ತಿದ್ದ. ದಿನದ ಅಡುಗೆಗೆ ಬೇಕಾದ ಉಪ್ಪು ಬೇರೆ ಕುಡಿಕೆಯಲ್ಲಿತ್ತು, ಅದಕ್ಕೇ ಮಿಕ್ಕ ಯಾವುದೂ ಕೆಟ್ಟಿರಲಿಲ್ಲ. ಕೆಟ್ಟದ್ದು ಒಂದೇ, ಅದಕ್ಕೆ ಹದ ಅಂದ್ರೆ ಇದು ಎಂದು ಮುದ್ರೆ ಒತ್ತಿದವನು ತಾನು. ಎರಡು ಹಿಡಿ ಉಪ್ಪು ತಿಂದು ಮನೆಯವರೆಲ್ಲ ಆಳವಾಗಿದೆ ಎನ್ನುತ್ತಿದ್ದರು. ಪಾತ್ರೆಯನ್ನು ಕೈ ಜಾರಿದ ಹಾಗೆ ತೊಟ್ಟಿಗೆ ಸುರಿದುಬಿಡಬಹುದು. ಅವನು ಪಾತ್ರೆಯ ಕಿವಿಗೆ ಕೈ ಹಾಕಿದ.

"ಅದನ್ನ ಯಾಕೋ ಎತ್ತುತೀಯ? ನನಗೂ ಸ್ವಲ್ಪ ಉಳಿಸಿರು" ಎಂದಳು ಅಮ್ಮ. "ನೀನು ಅಷ್ಟು ಹೊಗಳಿದ್ದು ಕೇಳಿ ಆಸೆಯಾಗಿದೆ."

ಅಷ್ಟರಲ್ಲಿ ಭಾವ ಬಂದು ಅವನ ಭುಜ ಹಿಡಿದರು. "ಬಾ ಮಾರಾಯ, ಕುರ್ಚಿ ಕಾಯ್ತಿದೆ."

ಕುರ್ಚಿಯೆಂದರೆ ಆಟ. ಊಟವಾದ ಮೇಲೆ ಹಜಾರದ ನಡುವೆ ಇವನನ್ನು ಕೂರಿಸಿ, ಟವೆಲಿನಿಂದ ಕಣ್ಣು ಕಟ್ಟಿ, ಒಂದೊಂದೇ ಚಮಚ ಬಾಯಿಗಿಟ್ಟು ಏನೆಂದು ಕೇಳುವುದು. ಕಟ್ಟುವುದು, ಚಮಚ ಹಿಡಿಯುವುದು ಎಲ್ಲ ಭಾವನದೇ. ಹದಿನಾರು ವರ್ಷದಲ್ಲಿ ಒಮ್ಮೆಯೂ ಇವನು ಸೋತಿಲ್ಲ. ಈ ವರ್ಷದ ಈ ಗಳಿಗೆಯನ್ನು ನೆನೆದು ಎರಡು ವಾರದಿಂದ ನಿದ್ದೆ ಕೆಟ್ಟಿತ್ತು. ತಲೆನೋವೆನ್ನಬೇಕೆಂದು ದಾರಿಯಲ್ಲಿ ಎರಡು ಸಲ ಬಾಯಿಪಾಠ ಮಾಡಿಕೊಂಡೂ ಬಂದಿದ್ದ. ಈಗ ಟವೆಲು ಬಿಗಿಯುವಾಗ ಅವನ ಯೋಚನೆಯೆಲ್ಲ ಅಡುಗೆಮನೆಯ ಸ್ಟೂಲಿನ ಮೇಲಿತ್ತು. ಅಮ್ಮ ಈಗ ಅನ್ನ ಮುಗಿಸಿರಬಹುದು. ಮೊದಲ ಚಮಚ ನಾಲಿಗೆಯನ್ನು ಚುರುಕ್ಕೆಂದು ಸುಟ್ಟಿತು. "ಕಾಳುಮೆಣಸು." ಚಪ್ಪಾಳೆ. ಎರಡನೆಯದು ಗಂಟಲಿನವರೆಗೆ ತಣ್ಣಗೆ ಇಳಿಯಿತು. "ಪುದೀನ." ಉರಿ, ತಂಪು, ಒಗರು, ಇಷ್ಟನ್ನು ಜ್ವರ ಅವನಿಗೆ ಬಿಟ್ಟು ಹೋಗಿತ್ತು. ಮೂರನೆಯದು ಮೆತ್ತಗೆ, ನಡುವೆ ಪುಟ್ಟ ಬೀಜದ ಚುಕ್ಕೆಗಳು. "ಬಾಳೆಹಣ್ಣು." "ಎಲ್ಲಿ ಹೋಗುತ್ತೆ ಹೇಳಿ ಹುಟ್ಟುಗುಣ" ಎಂದರು ಚಿಕ್ಕಪ್ಪ. ನಾಲ್ಕನೆಯದನ್ನು ಭಾವ ಸ್ವಲ್ಪ ತಡಮಾಡಿ ತಂದರು. ಬೆಚ್ಚಗೆ, ಮೆತ್ತಗೆ, ಅಕ್ಕಿಯ ಕಾಳು.

"ಇದು ಸುಲಭ. ಅಮ್ಮನ ಸಿಹಿ" ಎಂದ.

"ಹೆಸರು ಎಲ್ಲರಿಗೂ ಗೊತ್ತು. ಇದರೊಳಗೆ ಏನೇನು ಬಿದ್ದಿದೆ ಒಂದೊಂದಾಗಿ ಹೇಳು." ಭಾವನ ದನಿಯಲ್ಲಿ ಎರಡು ಬಟ್ಟಲಿನ ಸೇಡಿತ್ತು.

ಅವನು ಬಾಯಿ ತೆರೆಯುವ ಮೊದಲು ಅಡುಗೆಮನೆಯ ಕಡೆಯಿಂದ ಅಮ್ಮನ ಕಾಲ ಸಪ್ಪಳ ಬಂತು, ನಿಂತಿತು. "ಉಪ್ಪು ಬಿದ್ದಿದೆ ಕಣ್ರೋ" ಎಂದಳು. "ಬಾಯಿಗೆ ಇಡೋಕಾಗಲ್ಲ. ಅಷ್ಟೂ ಜನ ತಿಂದ್ರಲ್ಲ, ಒಬ್ಬರಾದರೂ ಹೇಳಬಾರದಾ?"

ಕಣ್ಣು ಕಟ್ಟಿದ್ದರಿಂದ ಅವನಿಗೆ ಹಜಾರದ ಒಂದೊಂದು ಸದ್ದೂ ಕೇಳಿಸಿತು, ಕುರ್ಚಿಯ ಕಿರುಗುಟ್ಟು, ಯಾರದೋ ಬಳೆ. ಈಗ ಹೌದೆಂದರೆ ಅಷ್ಟು ಹೊತ್ತು ಆಡಿದ ಮಾತುಗಳನ್ನು ಎಲ್ಲಿಡುವುದು. ಮೊದಲು ದಾರಿ ಹುಡುಕಿದವನು ಅಣ್ಣ.

"ಇಲ್ಲಮ್ಮ, ಚೆನ್ನಾಗೇ ಇತ್ತು. ನಾನು ಪೂರ್ತಿ ತಿಂದೆ."

"ನಾನು ಎರಡು ಸಲ ಹಾಕಿಸಿಕೊಂಡೆ ಅತ್ತೆ" ಎಂದರು ಭಾವ. "ಉಪ್ಪಿದ್ದಿದ್ದರೆ ತಿಂತಿದ್ನಾ?"

"ನಾನೂ ಎರಡು ಸಲ" ಎಂದಳು ಮೊಮ್ಮಗಳು.

"ಅತ್ತಿಗೆಮ್ಮ, ವಯಸ್ಸಾದ ಮೇಲೆ ನಾಲಿಗೆ ಹಾಗೇ" ಎಂದರು ಚಿಕ್ಕಪ್ಪ ಅಮ್ಮನಿಗೆ, ತುಂಬ ಮೃದುವಾಗಿ. "ನನಗೂ ಒಮ್ಮೊಮ್ಮೆ ನೀರೇ ಕಹಿ ಅನ್ಸುತ್ತೆ."

"ಅದಕ್ಕೇ ಅತ್ತೆ ನಾನು ಹೇಳಿದ್ದು" ಅತ್ತಿಗೆಯ ದನಿಯಲ್ಲಿ ಕೆಟ್ಟತನವಿರಲಿಲ್ಲ, ಅದೇ ಕಷ್ಟ. "ಒಮ್ಮೆ ಡಾಕ್ಟರಿಗೆ ತೋರಿಸೋಣ. ಅಡುಗೆಯವಳನ್ನ ಈ ವಾರವೇ ಬರೋಕೆ ಹೇಳ್ತೀನಿ. ನೀವು ಹಾಯಾಗಿ ಕೂತಿರಿ."

"ಚೆನ್ನಾಗಿತ್ತಾ?" ಅಮ್ಮ ಕೇಳಿದಳು. ಆ ದನಿ ಅವನು ಯಾವತ್ತೂ ಕೇಳಿದ್ದಲ್ಲ. ಮನೆ ತಪ್ಪಿ ಬಂದವಳು ದಾರಿ ಕೇಳುವ ಹಾಗಿತ್ತು. "ನನಗೆ ಹಾಗೆ ಅನ್ನಿಸ್ತಲ್ಲ. ನಾನು... ನನ್ನ ನಾಲಿಗೆಯೇ ಅಂತೀರಾ?"

"ಇಷ್ಟೆಲ್ಲ ಯಾಕೆ" ಎಂದ ಅಣ್ಣ, ಪಾಠದ ಕೊನೆಯಲ್ಲಿ ಸೀಮೆಸುಣ್ಣ ಕೆಳಗಿಡುವವನಂತೆ. "ಇವನು ಕೂತಿದಾನಲ್ಲ. ಇವನಿಗಿಂತ ಬೇರೆ ಸಾಕ್ಷಿ ಬೇಕಾ? ನೀನೇ ಹೇಳಪ್ಪ. ಸಕ್ಕರೆಯೋ, ಉಪ್ಪೋ?"

ಸಕ್ಕರೆ ಎಂದರೆ ಎಲ್ಲರೂ ಉಳಿಯುತ್ತಿದ್ದರು. ಸೋಮವಾರ ನಲವತ್ತು ಬಟ್ಟಲು, ಎಡ ಹುಬ್ಬು, ಮ್ಯಾನೇಜರ ಮೆಚ್ಚುಗೆ. ಉಳಿಯದವಳು ಒಬ್ಬಳೇ, ಅವಳೂ ಹಾಯಾಗಿ ಕೂತಿರುತ್ತಾಳೆ, ನಾಳೆಯಿಂದ ಪ್ರತಿ ತುತ್ತನ್ನೂ ತನ್ನ ನಾಲಿಗೆಯ ಮೇಲೆ ಅನುಮಾನಪಡುತ್ತ, ಇದು ಹೇಗಿದೆಯಮ್ಮ ಎಂದು ಅಡುಗೆಯವಳನ್ನು ಕೇಳುತ್ತ. ಉಪ್ಪು ಎಂದರೂ ತಾನು ಉಳಿಯಬಹುದು, ನಿಮ್ಮನ್ನೆಲ್ಲ ಪರೀಕ್ಷೆ ಮಾಡಿದೆ ಎಂದು ನಕ್ಕುಬಿಡಬಹುದು. ಹೌದು, ಅದು ಚೆನ್ನಾಗಿತ್ತು. ಆ ನಗು ಅವನ ತುಟಿಯವರೆಗೂ ಬಂದಿತ್ತು. ಆಗ ಅಮ್ಮ ತನಗೇ ಹೇಳಿಕೊಂಡ ಹಾಗೆ, "ಇವನು ಸುಳ್ಳು ಹೇಳಲ್ಲ" ಎಂದಳು.

"ನನಗೆ ಗೊತ್ತಿಲ್ಲ" ಎಂದ. "ಉಪ್ಪಂತೆ. ಡಬ್ಬಿ ಮೇಲೆ ಓದಿದೆ. ಜಾಗ ಬದಲಾಗಿತ್ತು, ಅಮ್ಮನ ಕೈ ಹಳೇ ಜಾಗಕ್ಕೇ ಹೋಗಿದೆ. ಅಮ್ಮನ ನಾಲಿಗೆ ಸರಿಯಾಗಿದೆ. ಕೆಟ್ಟಿರೋದು ನನ್ನದು. ಮೂರು ತಿಂಗಳಾಯ್ತು, ನನಗೆ ಯಾವ ರುಚಿಯೂ ತಿಳಿಯೋದಿಲ್ಲ."

"ಸುಮ್ನೆ ತಮಾಷೆ ಮಾಡ್ತಾನೆ" ಎಂದ ಅಣ್ಣ. ಯಾರೂ ನಗಲಿಲ್ಲ. ಹೆಂಡತಿ, "ಮೂರು ತಿಂಗಳಾ?" ಎಂದಳು. ನಾಳೆಯ ಜಗಳದ ಮೊದಲ ಎರಡು ಪದಗಳು ಅವು. ಆಮೇಲೆ ಚಿಕ್ಕಪ್ಪನ ಕುರ್ಚಿ ಸರಿಯಿತು. "ಹಾಗಾದರೆ ನನಗೆ ಆಗಿನಿಂದ ಹೊಟ್ಟೆ ತೊಳಸ್ತಿರೋದು ನಿಜವೇ" ಎಂದರು, ಪರಮ ಸಮಾಧಾನದಿಂದ. ಅಷ್ಟು ಸಾಕಾಯಿತು. ಭಾವನಿಗೆ ಮೊದಲ ಚಮಚದಲ್ಲೇ ಅನುಮಾನ ಬಂದಿತ್ತಂತೆ. ಅಣ್ಣ ಆಳವಾಗಿದೆ ಎಂದದ್ದೇ ಆ ಅರ್ಥದಲ್ಲಂತೆ. ಅತ್ತಿಗೆ, "ಚೀಟಿ ಅಂಟಿಸಿದ್ದೆನಲ್ಲ" ಎಂದರು. ಎರಡು ನಿಮಿಷದೊಳಗೆ ಈ ಮನೆಯಲ್ಲಿ ಉಪ್ಪು ಗೊತ್ತಾಗದಿದ್ದವರು ಅವನೊಬ್ಬನೇ ಆಗಿದ್ದ.

"ಅಲ್ಲ ಮಾರಾಯ" ಭಾವ ಹತ್ತಿರ ಬಂದು ದನಿ ತಗ್ಗಿಸಿದರು, "ಸೋಮವಾರ ಮ್ಯಾನೇಜರ ಜೊತೆ ಊಟಕ್ಕೆ ಕೂರಬೇಕು ನಾನು. ಏನಂತ ಹೇಳಲಿ?"

"ನೀವು ಹೇಳಬೇಡಿ ಭಾವ. ಬೆಳಿಗ್ಗೆಯೇ ನಾನು ಹೇಳಿರ್ತೀನಿ."

ಅಡುಗೆಮನೆಯಲ್ಲಿ ಡಬ್ಬಿಗಳು ಸರಿಯುವ ಸದ್ದು. ಒಂದು ಕಪಾಟಿನ ತುದಿಯಿಂದ ಒಲೆಯ ಹತ್ತಿರಕ್ಕೆ ಬಂತು, ಇನ್ನೊಂದು ದೂರ ಹೋಯಿತು. ಕಿವಿಯಿಂದಲೇ ಅವನು ಎಣಿಸಿದ, ನಾಲ್ಕನೆಯದು. ಅತ್ತಿಗೆಯೂ ಅಮ್ಮನ ಹಿಂದೆಯೇ ಹೋಗಿ ಅಲ್ಲಿ ನಿಂತಿರಬೇಕು, ಅವರ ಬಳೆಯ ಸದ್ದು ಒಮ್ಮೆ ಕೇಳಿತು. ಕಣ್ಣಿನ ಬಟ್ಟೆ ಬಿಚ್ಚಬೇಕೆಂದು ಯಾರಿಗೂ ಹೊಳೆದಿರಲಿಲ್ಲ, ಅವನಿಗೂ ಅವಸರವಿರಲಿಲ್ಲ. ಅದರೊಳಗೆ ಒಂದು ಥರ ನೆಮ್ಮದಿಯಿತ್ತು, ಯಾರ ಹುಬ್ಬೂ ಕಾಣುತ್ತಿರಲಿಲ್ಲ. ಆಗ ಕೈಗೆ ಒಂದು ಲೋಟ ಬಂತು. ಹೆಬ್ಬೆರಳಿನ ಮೇಲಿನ ಹಳೇ ಸುಟ್ಟ ಗಂಟು ತಾಗಿ, ಕೊಟ್ಟವಳು ಅಮ್ಮನೆಂದು ಗೊತ್ತಾಯಿತು.

"ಇದು ಏನು ಹೇಳು" ಎಂದಳು.

ಅವನು ಒಂದು ಗುಟುಕು ಬಾಯಲ್ಲಿ ಹಿಡಿದುಕೊಂಡ. ತಣ್ಣಗಿತ್ತು. ಸೊರ್ರೆನ್ನಲಿಲ್ಲ. "ಗೊತ್ತಾಗ್ತಿಲ್ಲಮ್ಮ."

"ನೀರು ಕಣೋ. ಕುಡಿ. ಎಲ್ಲರಿಗೂ ನೀನೇ ಜಗ್ಗು ತುಂಬಿಸಿ ತಂದೆ, ನೀನು ಮಾತ್ರ ಕುಡಿಯಲೇ ಇಲ್ಲ. ಎರಡು ಬಟ್ಟಲು ತಿಂದವನು ನೀನೂ ಅಲ್ವಾ."

ಆಗ ಅವನಿಗೆ ಬಾಯಾರಿದ್ದು ತಿಳಿಯಿತು. ಊಟವಾದಾಗಿನಿಂದ ನಾಲಿಗೆ ಒಣಗಿ ಅಂಗುಳಿಗೆ ಅಂಟಿತ್ತು, ಅದನ್ನು ಅವನು ಭಯವೆಂದುಕೊಂಡಿದ್ದ. ಲೋಟವನ್ನು ಒಂದೇ ಸಲಕ್ಕೆ ಖಾಲಿ ಮಾಡಿದ. ಗಲ್ಲದ ಮೇಲೆ ಹರಿದದ್ದನ್ನು ಒರೆಸಿಕೊಳ್ಳದೆ, ಕಣ್ಣು ಕಟ್ಟಿದ ಬಟ್ಟೆಯಲ್ಲೇ ಮುಖವೆತ್ತಿ, ಲೋಟವನ್ನು ಮತ್ತೆ ಅವಳ ಕಡೆಗೆ ಚಾಚಿದ.